ಕಾಲೇಜಿಗೊಂದು ಎಲ್‌ಎಂಎಸ್: ಒಂದೇ ಪಾಠ, ನಾಲ್ಕು ವ್ಯವಸ್ಥೆಗಳು

ದಕ್ಷಿಣ ಬೆಂಗಳೂರಿನ ಅನುದಾನಿತ ಪದವಿ ಕಾಲೇಜೊಂದರಲ್ಲಿ ನಾನು ಕನ್ನಡ ಬೋಧಿಸುತ್ತೇನೆ. ಪಾಠ, ಪರೀಕ್ಷೆ, ಅಂಕಗಳನ್ನೆಲ್ಲ ಜಾಲದಲ್ಲಿ ಒಂದೆಡೆ ನಡೆಸುವ ಒಂದು ಕಲಿಕಾ ನಿರ್ವಹಣಾ ವ್ಯವಸ್ಥೆಯನ್ನು ಕಾಲೇಜಿಗೆ, ಅಂದರೆ ಸಿಬ್ಬಂದಿ ಕೊಠಡಿಯಲ್ಲಿ ಎಲ್ಲರೂ ಎಲ್‌ಎಂಎಸ್ ಎನ್ನುವುದನ್ನು, ಆರಿಸಲು ಪ್ರಾಂಶುಪಾಲರು ಐದು ಜನರ ಸಮಿತಿ ರಚಿಸಿದಾಗ ಅದರಲ್ಲಿ ನನ್ನ ಹೆಸರೂ ಇತ್ತು. ಗಣಕ ವಿಜ್ಞಾನ ವಿಭಾಗದವರು ಇರುವಾಗ ನಾನೇಕೆ ಸರ್ ಎಂದು ಕೇಳಿದ್ದಕ್ಕೆ, "ಅವರಿಗೆ ಯಾವುದನ್ನು ಕೊಟ್ಟರೂ ಸುಲಭವೇ ಮೇಡಂ, ನಿಮಗೆ ಎಲ್ಲಿ ತೊಡಕಾಗುತ್ತದೋ ಅದನ್ನು ಬರೆದುಕೊಡಿ, ಸಾಕು" ಎಂದರು. ನಾಲ್ಕು ತಿಂಗಳ ಪರಿಶೀಲನೆ ಮತ್ತು ಒಂದು ಪೂರ್ಣ ಸೆಮಿಸ್ಟರಿನ ಬಳಕೆ ಮುಗಿದ ಮೇಲೆ ಅವರಿಗೆ ಬರೆದುಕೊಟ್ಟ ಟಿಪ್ಪಣಿಯನ್ನೇ ವಿಸ್ತರಿಸಿ ಇಲ್ಲಿ ಕೊಡುತ್ತಿದ್ದೇನೆ.

ತೀರ್ಮಾನವನ್ನು ಮೊದಲೇ ಹೇಳಿಬಿಡುವುದು ಮೇಲು. ನಾವು ಆರಿಸಿಕೊಂಡದ್ದು ಮೂಡಲ್. ಸೌಲಭ್ಯಗಳ ಪಟ್ಟಿಯಲ್ಲಿ ಅದು ಎಲ್ಲರಿಗಿಂತ ಮುಂದಿತ್ತು ಎಂಬ ಕಾರಣಕ್ಕೆ ಆರಿಸಲಿಲ್ಲ. ಪಟ್ಟಿಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ ಇದ್ದವು. ಒಳಗೆ ಹಾಕಿದ್ದನ್ನು ನಾವೇ ಹೊರಗೆ ತೆಗೆದುಕೊಳ್ಳಬಹುದು ಎಂಬುದೊಂದು, ಅದನ್ನು ದಿನವೂ ನೋಡಿಕೊಳ್ಳಬಲ್ಲ ಒಬ್ಬರು ನಮ್ಮ ಕಾಲೇಜಿನಲ್ಲೇ ಇದ್ದರು ಎಂಬುದಿನ್ನೊಂದು, ಈ ಎರಡು ಸಂಗತಿಗಳು ಆಯ್ಕೆಯನ್ನು ನಿರ್ಧರಿಸಿದವು. ಎರಡನೆಯದು ಇಲ್ಲದ ಕಾಲೇಜಿಗೆ ನಾನು ಮೂಡಲ್ ಅನ್ನು ಖಂಡಿತ ಸೂಚಿಸುವುದಿಲ್ಲ.

ಹೊರಗೆ ತೆಗೆದುಕೊಳ್ಳುವ ವಿಷಯ ನಮಗೆ ಇಷ್ಟು ಮುಖ್ಯವಾಗಲು ಹಿಂದಿನ ಒಂದು ಅನುಭವ ಕಾರಣ. ಕೆಲವು ವರ್ಷಗಳ ಹಿಂದೆ ಆಡಳಿತ ಮಂಡಳಿಯವರು ಒಂದು ಖಾಸಗಿ ಕಂಪನಿಯಿಂದ ಶುಲ್ಕ, ಹಾಜರಾತಿ, ಗ್ರಂಥಾಲಯ, ಎಲ್‌ಎಂಎಸ್ ಎಲ್ಲವೂ ಸೇರಿದ, ಇಆರ್‌ಪಿ ಎಂಬ ಆಡಳಿತ ತಂತ್ರಾಂಶ ಕೊಂಡಿದ್ದರು. ಶುಲ್ಕದ ಭಾಗ ಚೆನ್ನಾಗಿಯೇ ನಡೆಯುತ್ತಿತ್ತು, ಕಚೇರಿಯವರಿಗೆ ದೂರಿರಲಿಲ್ಲ. ಎಲ್‌ಎಂಎಸ್ ಎಂದು ಹೇಳಿದ್ದ ಭಾಗವೆಂದರೆ ಪಿಡಿಎಫ್ ಏರಿಸುವ ಒಂದು ಪುಟ, ಅಂಕ ನಮೂದಿಸುವ ಇನ್ನೊಂದು ಪುಟ, ಅಷ್ಟೇ. ಎರಡು ವರ್ಷಗಳ ನಂತರ ಒಪ್ಪಂದ ಮುಂದುವರಿಸುವುದಿಲ್ಲ ಎಂದು ತಿಳಿಸಿದಾಗ, ನಾಲ್ಕು ಸೆಮಿಸ್ಟರಿನ ಆಂತರಿಕ ಮೌಲ್ಯಮಾಪನದ ಅಂಕಗಳನ್ನು ಎಕ್ಸೆಲ್ ರೂಪದಲ್ಲಿ ಕೊಡಿ ಎಂದು ಕೇಳಿದೆವು. ಅದು ಒಪ್ಪಂದದಲ್ಲಿಲ್ಲ, ಬೇರೆ ಶುಲ್ಕ ಆಗುತ್ತದೆ ಎಂಬ ಉತ್ತರ ಬಂತು. ಕೊನೆಗೆ ನಮ್ಮ ದ್ವಿತೀಯ ದರ್ಜೆ ಸಹಾಯಕರು ಮೂರು ವಾರ ಕೂತು ಒಂದೊಂದೇ ಪುಟವನ್ನು ಮುದ್ರಿಸಿ ಕಡತಕ್ಕೆ ಸೇರಿಸಿದರು. ಆ ಕಡತಗಳು ಈಗಲೂ ಕಚೇರಿಯ ಕಬ್ಬಿಣದ ಬೀರುವಿನಲ್ಲಿವೆ. ಕೊಟ್ಟ ಹಣಕ್ಕೆ ಉಳಿದ ಆಸ್ತಿ ಅದೊಂದೇ. ಹಾಗಾಗಿ ಈ ಸಲ ಬಂದ ಪ್ರತಿ ಪ್ರತಿನಿಧಿಗೂ ನಾವು ಕೇಳಿದ ಮೊದಲ ಪ್ರಶ್ನೆ, "ನಾಳೆ ನಾವು ನಿಮ್ಮನ್ನು ಬಿಟ್ಟರೆ ನಮಗೆ ಏನು ಸಿಗುತ್ತದೆ, ಯಾವ ರೂಪದಲ್ಲಿ ಸಿಗುತ್ತದೆ?" ಎಂಬುದು. ಮೂವರಲ್ಲಿ ಇಬ್ಬರು ಮಾತು ಬದಲಿಸಿದರು.

ಪರಿಶೀಲನೆಯ ವಿಧಾನದ ಬಗ್ಗೆ ಒಂದು ಮಾತು. ಮಾರಾಟಗಾರರು ತೋರಿಸುವ ಪ್ರಾತ್ಯಕ್ಷಿಕೆಯಲ್ಲಿ ಎಲ್ಲವೂ ಕೆಲಸ ಮಾಡುತ್ತದೆ, ಏಕೆಂದರೆ ಅದರಲ್ಲಿರುವುದು ಅವರದೇ ಪಾಠ, ಅವರದೇ ವಿದ್ಯಾರ್ಥಿಗಳು, ಅವರದೇ ಇಂಗ್ಲಿಷ್ ಪ್ರಶ್ನೆಗಳು. ನಾವು ಮೊದಲ ಸೆಮಿಸ್ಟರಿನ ಬಿ.ಕಾಂ. ಕನ್ನಡ ಪತ್ರಿಕೆಯ ಒಂದೇ ಘಟಕವನ್ನು ಹಿಡಿದುಕೊಂಡು ಅದನ್ನೇ ಎಲ್ಲ ವ್ಯವಸ್ಥೆಗಳಿಗೂ ಹಾಕಿ ನೋಡಿದೆವು: ಒಂದು ಟಿಪ್ಪಣಿ, ಇಪ್ಪತ್ತು ಪ್ರಶ್ನೆಗಳ ಒಂದು ಕಿರುಪರೀಕ್ಷೆ, ಕೈಯಲ್ಲಿ ಬರೆದು ಫೋಟೊ ತೆಗೆದು ಕಳಿಸುವ ಒಂದು ನಿಯೋಜಿತ ಕಾರ್ಯ, ಕೊನೆಗೆ ಅಂಕಗಳ ಒಂದು ಪಟ್ಟಿ. ನೋಡಿದ್ದು ಸಿಬ್ಬಂದಿ ಕೊಠಡಿಯ ಗಣಕದಲ್ಲಲ್ಲ, ಪರದೆಯ ಮೂಲೆ ಒಡೆದ ಒಬ್ಬ ವಿದ್ಯಾರ್ಥಿಯ ಫೋನಿನಲ್ಲಿ. ನಮ್ಮ ಮಕ್ಕಳಲ್ಲಿ ಮೂರನೆಯ ಒಂದು ಪಾಲಾದರೂ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯಿಂದ ದಿನವೂ ರೈಲು, ಬಸ್ಸುಗಳಲ್ಲಿ ಓಡಾಡುವವರು. ದಿನಕ್ಕೆ ಇಷ್ಟು ಜಿಬಿ ಎಂಬ ರೀಚಾರ್ಜ್ ಲೆಕ್ಕದಲ್ಲಿ ಬದುಕುವವರು. ಅವರಿಗೆ ಮನೆಯಲ್ಲಿ ಲ್ಯಾಪ್‌ಟಾಪ್ ಇದೆ ಎಂದು ಭಾವಿಸಿ ವ್ಯವಸ್ಥೆ ಆರಿಸುವುದು ನಮ್ಮನ್ನು ನಾವೇ ವಂಚಿಸಿಕೊಂಡಂತೆ.

ಮೊದಲು ನೋಡಿದ್ದು ಗೂಗಲ್ ಕ್ಲಾಸ್‌ರೂಮ್. 2014ರಲ್ಲಿ ಬಂದ ಈ ಸೇವೆಯನ್ನು ಕೊರೊನಾ ಕಾಲದಲ್ಲಿ ನಾವೆಲ್ಲ ಒಂದಲ್ಲ ಒಂದು ರೀತಿ ಬಳಸಿದವರೇ ಆದ್ದರಿಂದ ತರಬೇತಿಯ ಅಗತ್ಯವೇ ಬೀಳಲಿಲ್ಲ. ಸಂಸ್ಕೃತ ವಿಭಾಗದ ನಮ್ಮ ಹಿರಿಯರು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ತರಗತಿ ತೆರೆದು, ಟಿಪ್ಪಣಿ ಹಾಕಿ, ಮಕ್ಕಳಿಗೆ ಸೇರುವ ಸಂಕೇತ ಕಳಿಸಿಬಿಟ್ಟರು. ಸರಳತೆಯಲ್ಲಿ ಇದಕ್ಕೆ ಸಾಟಿ ಇಲ್ಲ. ಶಿಕ್ಷಣ ಸಂಸ್ಥೆಗಳಿಗೆ ಕೊಡುವ ಮೂಲ ಆವೃತ್ತಿ ಉಚಿತ. ಇಡೀ ಸಂಸ್ಥೆಗೆ ಸೇರಿ 100 ಟೆರಾಬೈಟ್ ಸಂಗ್ರಹದ ಮಿತಿ ಇದೆ, ನಮ್ಮಂಥ ಕಾಲೇಜಿಗೆ ಅದು ಧಾರಾಳವಾಯಿತು. ಆನ್‌ಲೈನ್ ತರಗತಿಯ ಧ್ವನಿಮುದ್ರಣ, ಯಾರು ಎಷ್ಟು ಹೊತ್ತು ಇದ್ದರು ಎಂಬ ಹಾಜರಾತಿ ವರದಿ ಮುಂತಾದವು ಬೇಕೆಂದರೆ ಹಣ ಕೊಡುವ ಆವೃತ್ತಿಗೆ ಹೋಗಬೇಕು.

ಕ್ಲಾಸ್‌ರೂಮ್ ನಮಗೆ ಸಾಲದೆ ಹೋದದ್ದು ಪ್ರಶ್ನೆಕೋಶದ ವಿಷಯದಲ್ಲಿ. ಅಲ್ಲಿ ಕಿರುಪರೀಕ್ಷೆ ಎಂದರೆ ಗೂಗಲ್ ಫಾರ್ಮ್ಸ್. ಒಂದು ಪರೀಕ್ಷೆಗೆ ಅದು ಸಾಕು. ಆದರೆ ಘಟಕಕ್ಕೆ ಅರವತ್ತು ಪ್ರಶ್ನೆ ಕೂಡಿಟ್ಟು, ಪ್ರತಿ ವಿದ್ಯಾರ್ಥಿಗೂ ಅದರಿಂದ ಬೇರೆ ಬೇರೆ ಇಪ್ಪತ್ತು ಬರುವಂತೆ ಮಾಡಿ, ಮುಂದಿನ ವರ್ಷ ಅದೇ ಕೋಶಕ್ಕೆ ಇನ್ನಷ್ಟು ಸೇರಿಸುತ್ತ ಹೋಗುವ ಕೆಲಸಕ್ಕೆ ಅದು ಹೊಂದುವುದಿಲ್ಲ. ನಮ್ಮಲ್ಲಿ ಇದು ಸಣ್ಣ ವಿಷಯವಲ್ಲ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಗೆ ತಕ್ಕಂತೆ ಪದವಿಯ ಪಠ್ಯಕ್ರಮ ಬದಲಾಯಿತು. ಆ ಪಠ್ಯಕ್ಕೆ ಟಿಪ್ಪಣಿ, ಪ್ರಶ್ನೆಗಳನ್ನು ಸಿದ್ಧಪಡಿಸಿ ಕೈ ಕೂಡುವಷ್ಟರಲ್ಲಿ 2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಘಟಕಗಳು ಪತ್ರಿಕೆಯಿಂದ ಪತ್ರಿಕೆಗೆ, ಸೆಮಿಸ್ಟರಿನಿಂದ ಸೆಮಿಸ್ಟರಿಗೆ ಜಿಗಿದವು. ಹಳೆಯ ಕೋರ್ಸಿನಿಂದ ಬೇಕಾದ ಭಾಗವನ್ನಷ್ಟೇ ಕಿತ್ತು ಹೊಸದರಲ್ಲಿ ನೆಡಲು ಬರುವ ವ್ಯವಸ್ಥೆ ಇಲ್ಲದಿದ್ದರೆ ಬೋಧಕರು ಎರಡನೆಯ ಸಲ ಬರೆಯುವುದಿಲ್ಲ, ವಾಟ್ಸ್‌ಆ್ಯಪ್ ಗುಂಪಿಗೇ ಮರಳುತ್ತಾರೆ. ನಾನೂ ಮರಳಿದ್ದೆ.

ಆಮೇಲೆ ಕ್ಯಾನ್ವಾಸ್ ಎಂಬ ಎಲ್‌ಎಂಎಸ್ ನೋಡಿ ನನಗೆ ನಿಜಕ್ಕೂ ಆಸೆಯಾಯಿತು. ಪುಟಗಳ ವಿನ್ಯಾಸ ಅಚ್ಚುಕಟ್ಟು; ಉತ್ತರಪತ್ರಿಕೆಗಳನ್ನು ಒಂದರ ಹಿಂದೊಂದು ತೆರೆದು, ಬದಿಯಲ್ಲೇ ಅಂಕ ಮತ್ತು ಟಿಪ್ಪಣಿ ಕೊಡುತ್ತ ಹೋಗುವ ಅದರ ಸ್ಪೀಡ್‌ಗ್ರೇಡರ್‌ನಲ್ಲಿ ಮೌಲ್ಯಮಾಪನ ಮಾಡುವುದು ಹಿತವಾಗಿದೆ. ಅದರ ಮೂಲಸಂಕೇತವೂ ಮುಕ್ತವೇ ಆದರೂ, ನಾವೇ ಸ್ಥಾಪಿಸಿಕೊಳ್ಳಲು ರೂಬಿ, ಪೋಸ್ಟ್‌ಗ್ರೆಸ್, ರೆಡಿಸ್ ಎಂದು ಬೇರೆ ತಂತ್ರಾಂಶಗಳು ಸಾಲಾಗಿ ಬೇಕಾಗುತ್ತವೆ, ಅದನ್ನು ಬಲ್ಲವರು ಕಾಲೇಜಿನ ಸಂಬಳಕ್ಕೆ ಈ ಊರಿನಲ್ಲಿ ನಿಲ್ಲುವುದಿಲ್ಲ. ಕಂಪನಿಯಿಂದಲೇ ಸೇವೆ ಪಡೆಯುವುದು ನಮ್ಮ ಆಡಳಿತ ಮಂಡಳಿಯ ಲೆಕ್ಕಕ್ಕೆ ಕೂರಲಿಲ್ಲ. ಓಪನ್ ಎಡ್‌ಎಕ್ಸ್ ಬೇರೆಯೇ ಜಾತಿಯದು. 2012ರಲ್ಲಿ ಎಂಐಟಿ ಮತ್ತು ಹಾರ್ವರ್ಡ್ ಸೇರಿ ಆರಂಭಿಸಿದ ಎಡ್‌ಎಕ್ಸ್‌ನ ಆಧಾರವಾದ ಅದು ಸಾವಿರಾರು ಜನ ತಮ್ಮಷ್ಟಕ್ಕೆ ತಾವು ಕಲಿಯುವ ಕೋರ್ಸುಗಳಿಗೆ ಹೇಳಿ ಮಾಡಿಸಿದಂತಿದೆ. ಐಐಟಿ ಬಾಂಬೆ ತನ್ನ ಮುಕ್ತ ಕೋರ್ಸುಗಳಿಗೆ ಅದನ್ನು ಬಳಸಿದೆ. ಅರವತ್ತು ಮಕ್ಕಳ ತರಗತಿಗೆ ಅದನ್ನು ತರುವುದು ಮದುವೆಯ ಹಂಡೆಯಲ್ಲಿ ಇಬ್ಬರಿಗೆ ಸಾರು ಮಾಡಿದ ಹಾಗೆ.

ಸರ್ಕಾರಿ ವೇದಿಕೆಗಳೇ ಇರುವಾಗ ಇದೆಲ್ಲ ಏಕೆ ಎಂಬ ಪ್ರಶ್ನೆಯೂ ಸಭೆಯಲ್ಲಿ ಬಂತು. 2017ರಲ್ಲಿ ಆರಂಭವಾದ ದೀಕ್ಷಾ ನಮ್ಮ ಬೆಂಗಳೂರಿನ ಏಕ್‌ಸ್ಟೆಪ್ ಪ್ರತಿಷ್ಠಾನದವರು ರೂಪಿಸಿದ ಸನ್‌ಬರ್ಡ್ ಎಂಬ ಮುಕ್ತ ತಂತ್ರಾಂಶದ ಮೇಲೆ ನಿಂತಿದೆ. ಶಾಲಾ ಪಠ್ಯಪುಸ್ತಕಗಳಲ್ಲಿ ಅಚ್ಚಾಗಿರುವ ಕ್ಯೂಆರ್ ಸಂಕೇತಗಳು ಕರೆದೊಯ್ಯುವುದು ಅಲ್ಲಿಗೇ. ಅದೇ ವರ್ಷ ಬಂದ ಸ್ವಯಂ ವೇದಿಕೆಯಲ್ಲಿ ಕೋರ್ಸು ಮುಗಿಸಿ ಕ್ರೆಡಿಟ್ ಪಡೆಯಲು ಯುಜಿಸಿ ಅವಕಾಶ ಕೊಟ್ಟಿದೆ. ಇವು ನಮ್ಮ ಮಕ್ಕಳು ಹೋಗಿ ಕಲಿಯುವ ಜಾಗಗಳು. ನಮ್ಮ ತರಗತಿಯ ಹಾಜರಾತಿ, ನಮ್ಮ ಆಂತರಿಕ ಪರೀಕ್ಷೆ, ನಮ್ಮ ನಿಯೋಜಿತ ಕಾರ್ಯಗಳ ಜಾಗ ಅದಲ್ಲ. ಸರ್ಕಾರಿ ಪದವಿ ಕಾಲೇಜುಗಳಿಗೆ ರಾಜ್ಯವೇ 2021ರಲ್ಲಿ ಒಂದು ಎಲ್‌ಎಂಎಸ್ ಒದಗಿಸಿತು. ನಮ್ಮದು ಖಾಸಗಿ ಆಡಳಿತದ ಕಾಲೇಜು, ನಮ್ಮ ದಾರಿ ನಾವೇ ನೋಡಿಕೊಳ್ಳಬೇಕಾಗಿತ್ತು.

ಹೀಗೆ ಮೂಡಲ್‌ಗೆ ಬಂದೆವು. ಆಸ್ಟ್ರೇಲಿಯದ ಪರ್ತ್ ನಗರದ ಮಾರ್ಟಿನ್ ಡುಗಿಯಾಮಸ್ ರೂಪಿಸಿ 2002ರಲ್ಲಿ ಮೊದಲ ಆವೃತ್ತಿ ಬಿಡುಗಡೆ ಮಾಡಿದ ಈ ತಂತ್ರಾಂಶದ ಹೆಸರು ಒಂದು ಉದ್ದನೆಯ ಇಂಗ್ಲಿಷ್ ಪದಪುಂಜದ ಮೊದಲಕ್ಷರಗಳಿಂದ ಆದದ್ದು. ನಮ್ಮ ಕಚೇರಿಯ ಗುಮಾಸ್ತರಿಗೆ ಅದು ಬೇಡ. ಅವರು ಮೊದಲ ದಿನದಿಂದಲೇ ಅದನ್ನು ಮೂಡಲಪಾಯ ಎಂದು ಕರೆಯತೊಡಗಿದರು, ಈಗ ಪ್ರಾಂಶುಪಾಲರ ಬಾಯಲ್ಲೂ ಅದೇ ಬರುತ್ತದೆ. ತಂತ್ರಾಂಶಕ್ಕೆ ಹಣ ಕೊಡಬೇಕಿಲ್ಲ, ಮೂಲಸಂಕೇತ ಜಿಪಿಎಲ್ ಪರವಾನಗಿಯಡಿ ಮುಕ್ತ. ಒಂದು ಕೋರ್ಸನ್ನು ಅದರ ಪಾಠ, ಪ್ರಶ್ನೆಕೋಶಗಳ ಸಮೇತ ಒಂದೇ ಕಡತವಾಗಿ ಇಳಿಸಿಕೊಂಡು ಬೇರೆ ಯಾವ ಮೂಡಲ್‌ನಲ್ಲಾದರೂ ಏರಿಸಬಹುದು; ಅಂಕಗಳು ಎಕ್ಸೆಲ್ ರೂಪದಲ್ಲಿ ಬರುತ್ತವೆ. ಆಂತರಿಕ ಅಂಕಗಳನ್ನು ರಾಜ್ಯದ ವಿಶ್ವವಿದ್ಯಾಲಯ, ಕಾಲೇಜುಗಳ ಜಾಲತಾಣವಾದ ಯುಯುಸಿಎಂಎಸ್‌ನಲ್ಲಿ ನಮೂದಿಸಬೇಕಾದ ನಮಗೆ ಆ ಪಟ್ಟಿ ನೋಂದಣಿ ಸಂಖ್ಯೆಯ ಕ್ರಮದಲ್ಲಿ ಬಂದರೆ ಅರ್ಧ ದಿನ ಉಳಿಯಿತು ಎಂದೇ ಅರ್ಥ. ಕನ್ನಡದ ಭಾಷಾ ಪೊಟ್ಟಣವೂ ಇದೆ. ಆದರೆ ಅನುವಾದ ಪೂರ್ಣವಾಗಿಲ್ಲದ್ದರಿಂದ ಒಂದೇ ಪುಟದಲ್ಲಿ ಎರಡು ಭಾಷೆ ಕಾಣುತ್ತದೆ. ಮಕ್ಕಳು ಒಂದು ವಾರ ನೋಡಿ ಇಂಗ್ಲಿಷಿಗೇ ಬದಲಿಸಿಕೊಂಡರು.

ಇನ್ನು ಯಾವ ಪ್ರತಿನಿಧಿಯೂ, ಯಾವ ಹೋಲಿಕೆಯ ಪಟ್ಟಿಯೂ ಹೇಳದ ವಿಷಯಕ್ಕೆ ಬರುತ್ತೇನೆ, ಕನ್ನಡ ಬೋಧಕಿಯಾಗಿ ನಾನು ಸಮಿತಿಯಲ್ಲಿದ್ದು ಮಾಡಿದ ಉಪಕಾರವೆಂದರೆ ಇದೊಂದೇ. ನಮ್ಮ ಕಾಲೇಜಿನ ಕನ್ನಡ, ಇತಿಹಾಸ, ರಾಜ್ಯಶಾಸ್ತ್ರ ವಿಭಾಗಗಳಲ್ಲಿ ಇಪ್ಪತ್ತು ವರ್ಷಗಳಿಂದ ಕೂಡಿಟ್ಟ ಪ್ರಶ್ನೆಪತ್ರಿಕೆ, ಟಿಪ್ಪಣಿಗಳೆಲ್ಲ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿವೆ. ಆ ಶೈಲಿಯಲ್ಲಿ ತೆರೆಯ ಮೇಲೆ ಕಾಣುವುದು ಕನ್ನಡ. ಒಳಗೆ ಉಳಿದಿರುವುದು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳು. ಇತಿಹಾಸ ವಿಭಾಗದ ಮುಖ್ಯಸ್ಥರು ವರ್ಡ್‌ನಿಂದ "ಕದಂಬರ ರಾಜಧಾನಿ ಯಾವುದು?" ಎಂಬ ಪ್ರಶ್ನೆಯನ್ನು ನಕಲಿಸಿ ಪ್ರಶ್ನೆಕೋಶದ ಪೆಟ್ಟಿಗೆಯಲ್ಲಿ ಅಂಟಿಸಿದಾಗ ಅಲ್ಲಿ ಬಂದದ್ದು ತಲೆಯ ಮೇಲೆ ಚುಕ್ಕೆ, ಗೆರೆ ಹೊತ್ತ ರೋಮನ್ ಅಕ್ಷರಗಳ ಒಂದು ಸಾಲು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ಬನವಾಸಿ ಎಲ್ಲಿ ಹೋಯಿತಮ್ಮ?" ಎಂದು ಕೇಳಿದರು. ಇದು ಮೂಡಲ್‌ನ ದೋಷವಲ್ಲ, ಕ್ಲಾಸ್‌ರೂಮ್‌ನಲ್ಲೂ ಕ್ಯಾನ್ವಾಸ್‌ನಲ್ಲೂ ಹೀಗೇ ಆಗುತ್ತದೆ, ಏಕೆಂದರೆ ಜಾಲದಲ್ಲಿ ಕೆಲಸ ಮಾಡುವ ಎಲ್ಲವೂ ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಯೂನಿಕೋಡ್ ಅನ್ನು ನಿರೀಕ್ಷಿಸುತ್ತವೆ.

ಪರಿವರ್ತಕ ತಂತ್ರಾಂಶಗಳಿವೆ, ಅವುಗಳಿಂದ ಮುಕ್ಕಾಲು ಕೆಲಸ ಆಗುತ್ತದೆ. ಉಳಿದ ಕಾಲು ಭಾಗದಲ್ಲಿ ಒತ್ತಕ್ಷರಗಳು ಸ್ಥಾನ ಬದಲಿಸಿರುತ್ತವೆ, ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹೋಗಿರುತ್ತದೆ, ನಡುವೆ ಬಂದ ಇಂಗ್ಲಿಷ್ ಪದಗಳು ಕನ್ನಡವಾಗಿ ವೇಷ ಹಾಕಿರುತ್ತವೆ. ಒಬ್ಬರು ಕೂತು ಓದಿ ತಿದ್ದಲೇಬೇಕು. ನಮ್ಮಲ್ಲಿ ಇದಕ್ಕೆ ಒಂದು ಇಡೀ ಬೇಸಿಗೆ ರಜೆ ಹಿಡಿಯಿತು. ಎಲ್‌ಎಂಎಸ್ ಕೊಳ್ಳುವ ಕಾಲೇಜುಗಳು ತಮ್ಮ ವೇಳಾಪಟ್ಟಿಯಲ್ಲಿ ತಂತ್ರಾಂಶ ಸ್ಥಾಪನೆಗೆ ಒಂದು ವಾರ, ತರಬೇತಿಗೆ ಎರಡು ದಿನ ಎಂದು ಬರೆಯುತ್ತಾರೆ. ಕನ್ನಡ ಮಾಧ್ಯಮದ ವಿಭಾಗಗಳಿದ್ದರೆ ಅದಕ್ಕಿಂತ ಮೊದಲು ಈ ಪರಿವರ್ತನೆಗೆ ತಿಂಗಳುಗಳನ್ನೇ ಮೀಸಲಿಡಬೇಕು. ಇದರಿಂದ ಇನ್ನೊಂದು ಲಾಭವೂ ಆಯಿತು. ಬಿ.ಎ. ತರಗತಿಯಲ್ಲಿ ದೃಷ್ಟಿ ಇಲ್ಲದ ಒಬ್ಬ ವಿದ್ಯಾರ್ಥಿ ಇದ್ದಾನೆ. ಅವನ ಗಣಕದಲ್ಲಿರುವ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ತೆರೆಯ ಮೇಲಿನ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ, ಯೂನಿಕೋಡ್ ಆಗಿದ್ದರೆ ಮಾತ್ರ. ನುಡಿಯ ಹಳೆಯ ಕಡತವನ್ನೂ, ಪುಸ್ತಕದ ಪುಟಗಳನ್ನು ಸ್ಕ್ಯಾನ್ ಮಾಡಿದ ಪಿಡಿಎಫ್ ಅನ್ನೂ ಅದು ಓದಲಾರದು. ನನ್ನ ಟಿಪ್ಪಣಿಗಳನ್ನು ಅವನು ಮೊದಲ ಸಲ ಯಾರ ನೆರವೂ ಇಲ್ಲದೆ ಓದಿದ್ದು ಈ ಪರಿವರ್ತನೆಯ ನಂತರ. ಅಷ್ಟು ವರ್ಷ ನಾನು ಅದನ್ನು ಯೋಚಿಸಿಯೇ ಇರಲಿಲ್ಲ ಎಂಬುದು ನಾಚಿಕೆಯ ವಿಷಯ.

ಒಂದು ಪದದ ಉತ್ತರ ಬರೆಯುವ ಪ್ರಶ್ನೆಗಳಲ್ಲೂ ಒಂದು ತೊಡಕು ಕಂಡಿತು. "ತಂತ್ರಾಂಶ ಎಂಬುದಕ್ಕೆ ಬಳಕೆಯಲ್ಲಿರುವ ಇಂಗ್ಲಿಷ್ ಪದವನ್ನು ಕನ್ನಡ ಲಿಪಿಯಲ್ಲಿ ಬರೆಯಿರಿ" ಎಂದು ಕೇಳಿದ್ದೆ. ಹನ್ನೊಂದು ಮಂದಿ ಸಾಫ್ಟ್‌ವೇರ್ ಎಂದು ಸರಿಯಾಗಿಯೇ ಬರೆದಿದ್ದರೂ ಸೊನ್ನೆ ಬಂದಿತ್ತು. ಕಾರಣ, ಟಕಾರಕ್ಕೆ ವಕಾರ ಒತ್ತಾಗಿ ಸೇರದಿರಲೆಂದು ನಡುವೆ ಹಾಕುವ, ಕಣ್ಣಿಗೆ ಕಾಣದ ಒಂದು ಅಕ್ಷರ. ನನ್ನ ಕೀಲಿಯುತ್ತರದಲ್ಲಿ ಅದಿತ್ತು. ಅವರ ಫೋನಿನ ಕೀಲಿಮಣೆಯಲ್ಲಿ ಅದನ್ನು ಹಾಕುವ ಗುಂಡಿಯೇ ಇರಲಿಲ್ಲ. ಒಂದೇ ಪ್ರಶ್ನೆಗೆ ಹಲವು ಸರಿಯುತ್ತರಗಳನ್ನು ಕೊಡಲು ಮೂಡಲ್‌ನಲ್ಲಿ ಬರುತ್ತದೆ, ಕೊಟ್ಟು ಮರುಮೌಲ್ಯಮಾಪನ ಎಂದು ಒತ್ತಿದರೆ ಎಲ್ಲರ ಅಂಕವೂ ತಾನಾಗಿ ತಿದ್ದಿಕೊಳ್ಳುತ್ತದೆ. ಕನ್ನಡದಲ್ಲಿ ಇಂಥ ಪ್ರಶ್ನೆ ಹಾಕುವವರು ಎರಡೂ ಬಗೆಯ ಬರಹವನ್ನು, ಸಂಖ್ಯೆಯ ಉತ್ತರವಾದರೆ ೧೨ ಮತ್ತು 12 ಎರಡನ್ನೂ ಕೀಲಿಯಲ್ಲಿ ಸೇರಿಸಿಬಿಡುವುದು ಒಳ್ಳೆಯದು.

ಫೋನಿನ ಪರೀಕ್ಷೆಯಲ್ಲಿ ಮೂಡಲ್ ಆ್ಯಪ್ ಗೆದ್ದಿತು, ಆದರೆ ಸುಲಭವಾಗಿ ಅಲ್ಲ. ಕಾಲೇಜಿನ ವೈಫೈನಲ್ಲಿ ಪಾಠವನ್ನು ಇಳಿಸಿಕೊಂಡು ಚನ್ನಪಟ್ಟಣದ ರೈಲಿನಲ್ಲಿ ಜಾಲಸಂಪರ್ಕ ಇಲ್ಲದೆ ಓದಬಹುದು. ಬೋಧಕರು ಅನುಮತಿ ಕೊಟ್ಟಿದ್ದರೆ ಅಭ್ಯಾಸದ ಕಿರುಪರೀಕ್ಷೆಯನ್ನೂ ಬರೆದು, ಸಂಪರ್ಕ ಸಿಕ್ಕಾಗ ಕಳಿಸಬಹುದು. ನಮ್ಮ ಮಕ್ಕಳಿಗೆ ಇದರಷ್ಟು ಉಪಯುಕ್ತವಾದ ಸೌಲಭ್ಯ ಇನ್ನೊಂದಿಲ್ಲ. ತೊಡಕು ಬಂದದ್ದು ಕೈಬರಹದ ಕಾರ್ಯವನ್ನು ಫೋಟೊ ತೆಗೆದು ಏರಿಸುವಾಗ. ಮೊದಲ ದಿನ ಒಬ್ಬರದೂ ಏರಲಿಲ್ಲ. ಮೂಡಲ್ ಇರುವ ಸರ್ವರ್ ಯಂತ್ರದಲ್ಲಿ, ಅದಕ್ಕೆ ಬೇಕಾದ ಪಿಎಚ್‌ಪಿ ಎಂಬ ತಂತ್ರಾಂಶ ಸ್ಥಾಪಿಸಿದಾಗ ಒಂದು ಕಡತದ ಗರಿಷ್ಠ ಗಾತ್ರ ಪೂರ್ವನಿಯೋಜಿತವಾಗಿ 2 ಎಂಬಿ ಇರುತ್ತದೆ, ಈಗಿನ ಸಾಧಾರಣ ಫೋನಿನ ಒಂದು ಫೋಟೊ ಕೂಡ ಅದನ್ನು ಮೀರುತ್ತದೆ. ನಾವು ಅದನ್ನು ಬದಲಿಸುವುದನ್ನು ಮರೆತಿದ್ದೆವು. ಬದಲಿಸಿದ ಮೇಲೆ ಬಂದ ಪುಟಗಳಲ್ಲಿ ಅರ್ಧದಷ್ಟು ಅಡ್ಡಡ್ಡ ಮಲಗಿದ್ದವು. ಅಂಕ ಕೊಡುವ ಪರದೆಯಲ್ಲೇ ಪುಟವನ್ನು ತಿರುಗಿಸುವ ಗುಂಡಿ ಇರುವುದರಿಂದ ಕತ್ತು ಉಳುಕಲಿಲ್ಲ. ಕೆಂಪು ಶಾಯಿಯಲ್ಲಿ ಗೀಚುವ ಸುಖ ಮಾತ್ರ ಗಣಕದ ಇಲಿಯ (ಮೌಸ್) ತುದಿಯಲ್ಲಿ ಸಿಗುವುದಿಲ್ಲ.

ಸರ್ವರ್ ಎಲ್ಲಿರಬೇಕು ಎಂಬುದರಲ್ಲಿ ನಾವು ಒಮ್ಮೆ ಎಡವಿದೆವು. ಉಳಿತಾಯದ ಹುಮ್ಮಸ್ಸಿನಲ್ಲಿ ಎಸ್.ಪಿ. ರಸ್ತೆಯಿಂದ ತಂದ ಒಂದು ಹಳೆಯ ಸರ್ವರ್ ಯಂತ್ರವನ್ನು ಗಣಕ ಪ್ರಯೋಗಾಲಯದ ಮೂಲೆಯಲ್ಲಿಟ್ಟು ಅದರಲ್ಲೇ ಮೂಡಲ್ ಹಾಕಿದ್ದೆವು. ಮೂರು ವಾರ ಚೆನ್ನಾಗಿಯೇ ಓಡಿತು. ಮೊದಲ ಆಂತರಿಕ ಪರೀಕ್ಷೆಯ ದಿನ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ನಾಲ್ಕು ವಿಭಾಗದ ಮಕ್ಕಳು, ಇನ್ನೂರ ಇಪ್ಪತ್ತು ಮಂದಿ, ಒಟ್ಟಿಗೆ "ಪರೀಕ್ಷೆ ಆರಂಭಿಸಿ" ಎಂದು ಒತ್ತಿದರು. ಪುಟ ಬಿಳಿಯಾಯಿತು, ಹಾಗೆಯೇ ಉಳಿಯಿತು. ಕಾರಿಡಾರಿನಲ್ಲಿ ಒಬ್ಬೊಬ್ಬರೇ ಫೋನ್ ಎತ್ತಿ ತೋರಿಸುತ್ತ "ಮೇಡಂ, ಸುತ್ತುತ್ತಾ ಇದೆ" ಎನ್ನತೊಡಗಿದರು. ಹತ್ತೂವರೆಗೆ ಪರೀಕ್ಷೆ ರದ್ದು ಮಾಡಿ ಕಪ್ಪುಹಲಗೆಯ ಮೇಲೆ ಪ್ರಶ್ನೆ ಬರೆದೆ. ಒಟ್ಟು ಎಷ್ಟು ವಿದ್ಯಾರ್ಥಿಗಳಿದ್ದಾರೆ ಎಂಬುದಕ್ಕಿಂತ ಒಂದೇ ಕ್ಷಣದಲ್ಲಿ ಎಷ್ಟು ಮಂದಿ ಒತ್ತುತ್ತಾರೆ ಎಂಬುದೇ ಸರ್ವರ್‌ನ ಹೊರೆ. ಪರೀಕ್ಷೆ ನಡೆಯುವಾಗ ಪ್ರತಿಯೊಬ್ಬರ ಉತ್ತರವೂ ನಿಮಿಷಕ್ಕೊಮ್ಮೆ ತಾನಾಗಿ ಉಳಿಯುತ್ತಿರುವುದರಿಂದ ಆರಂಭದ ನಂತರವೂ ಹೊರೆ ತಗ್ಗುವುದಿಲ್ಲ.

ಅಂದಿನಿಂದ ಎರಡು ಬದಲಾವಣೆ ಮಾಡಿದೆವು. ಮುಂಬೈನ ದತ್ತಾಂಶ ಕೇಂದ್ರವೊಂದರಲ್ಲಿ ಬಾಡಿಗೆ ಸರ್ವರ್ ತೆಗೆದುಕೊಂಡೆವು, ಪರೀಕ್ಷೆಯ ವಾರಕ್ಕೆ ಅದರ ಸಾಮರ್ಥ್ಯ ಹೆಚ್ಚಿಸಿ ಆಮೇಲೆ ಇಳಿಸುತ್ತೇವೆ. ಜೊತೆಗೆ ವಿಭಾಗಕ್ಕೆ ಹತ್ತು ನಿಮಿಷದ ಅಂತರದಲ್ಲಿ ಪರೀಕ್ಷೆ ತೆರೆಯುವಂತೆ ಹೊಂದಿಸಿದೆವು. ಪ್ರಶ್ನೆಗಳು ಕೋಶದಿಂದ ಬೇರೆ ಬೇರೆ ಬರುವುದರಿಂದ ಮೊದಲು ಬರೆದವರು ನಂತರದವರಿಗೆ ಹೇಳುವ ಭಯವೂ ಕಡಿಮೆ. ಈ ಎರಡನೆಯದಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಹಳೆಯ ಯಂತ್ರದಲ್ಲಿ ಈಗ ಪ್ರತಿ ರಾತ್ರಿ ಬ್ಯಾಕಪ್ ಬಂದು ಕೂರುತ್ತದೆ, ಆ ಕೆಲಸಕ್ಕೆ ಅದು ಯೋಗ್ಯ.

ಖರ್ಚಿನ ಲೆಕ್ಕ ಹಾಕುವಾಗ ಉಚಿತ ಎಂಬ ಪದವನ್ನು ನಂಬಿ ಕೂರಬಾರದು. ಸರ್ವರ್ ಬಾಡಿಗೆ, ಜಾಲತಾಣದ ವಿಳಾಸದ ನವೀಕರಣ, ಬ್ಯಾಕಪ್ ಜಾಗ, ಇವುಗಳ ಮೇಲಿನ ಶೇ 18ರ ಜಿಎಸ್‌ಟಿ ಎಲ್ಲ ಸೇರಿದರೂ ಹಿಂದಿನ ಇಆರ್‌ಪಿಯ ಎಲ್‌ಎಂಎಸ್ ಭಾಗಕ್ಕೆ ಕೊಡುತ್ತಿದ್ದುದಕ್ಕಿಂತ ಕಡಿಮೆಯೇ ಆಯಿತು, ನಿಜ. ಆದರೆ ಅತಿ ದೊಡ್ಡ ಖರ್ಚು ಮನುಷ್ಯರ ಸಮಯ. ನಮ್ಮ ಗಣಕ ಪ್ರಯೋಗಾಲಯದ ಸಹಾಯಕರು ಸರ್ವರ್ ನಡೆಸುವ ಲಿನಕ್ಸ್ ತಂತ್ರಾಂಶ ಬಲ್ಲವರು, ಆಸಕ್ತಿ ಇರುವವರು. ಅವರ ಪ್ರಯೋಗಾಲಯದ ಗಂಟೆಗಳನ್ನು ವಾರಕ್ಕೆ ಎಂಟರಷ್ಟು ಕಡಿಮೆ ಮಾಡಿ, ಅದನ್ನು ಲಿಖಿತ ಆದೇಶವಾಗಿ ಹೊರಡಿಸಿ, ಆಮೇಲೆ ಮೂಡಲ್ ಹೊಣೆ ಕೊಡಲಾಯಿತು. ಆ ಆದೇಶಕ್ಕಾಗಿ ಸಮಿತಿ ಪಟ್ಟು ಹಿಡಿದದ್ದೇ ನಮ್ಮ ನಾಲ್ಕು ತಿಂಗಳ ಕೆಲಸದಲ್ಲಿ ಅತ್ಯಂತ ಸಾರ್ಥಕವಾದದ್ದು ಎಂದು ನನಗನಿಸುತ್ತದೆ. ಸೋಮವಾರ ಬೆಳಿಗ್ಗೆ ಗುಪ್ತಪದ ಮರೆತ ಮೂವತ್ತು ಮಕ್ಕಳು ಕಿಟಕಿಯ ಬಳಿ ನಿಂತಾಗ ಅದು ಯಾರ ಕೆಲಸ ಎಂಬುದು ಕಾಗದದ ಮೇಲೆ ಇಲ್ಲದಿದ್ದರೆ, ದೀಪಾವಳಿಯ ಹೊತ್ತಿಗೆ ವ್ಯವಸ್ಥೆಯನ್ನು ಯಾರೂ ಮುಟ್ಟುವುದಿಲ್ಲ.

ಮೂಡಲ್‌ನ ಬಗ್ಗೆ ನನ್ನ ದೂರುಗಳೂ ಇವೆ. ಒಂದು ನಿಯೋಜಿತ ಕಾರ್ಯ ಸೃಷ್ಟಿಸಲು ಹೋದರೆ ಪ್ರಶ್ನೆಗಳ ಉದ್ದನೆಯ ನಮೂನೆಯೇ ತೆರೆದುಕೊಳ್ಳುತ್ತದೆ, ಅದರಲ್ಲಿ ನಿತ್ಯ ಬೇಕಾಗುವುದು ಐದಾರು ಮಾತ್ರ. 2022ರ ನಾಲ್ಕನೆಯ ಆವೃತ್ತಿಯಿಂದ ನೋಟ ಸುಧಾರಿಸಿದ್ದರೂ ಕ್ಲಾಸ್‌ರೂಮ್‌ನಿಂದ ಬಂದವರಿಗೆ ಇದು ಸರ್ಕಾರಿ ಅರ್ಜಿಯಂತೆಯೇ ಕಾಣುತ್ತದೆ. ನಾವು ಎಲ್ಲ ಹೊಂದಿಕೆ ಮಾಡಿದ ಒಂದು ಮಾದರಿ ಕೋರ್ಸನ್ನು ಸಿದ್ಧಪಡಿಸಿ, ಬೋಧಕರು ಅದನ್ನು ನಕಲು ಮಾಡಿಕೊಳ್ಳುವಂತೆ ಮಾಡಿದ ಮೇಲೆ ಗೊಣಗಾಟ ಕಡಿಮೆಯಾಯಿತು. ಹೊಸ ಸೌಲಭ್ಯ ಸೇರಿಸಲು ಹೊರಗಿನವರು ಬರೆದ ಪ್ಲಗಿನ್‌ ಎಂಬ ಸಣ್ಣ ತಂತ್ರಾಂಶಗಳ ಮೋಹವೂ ಬೇಡ. ತಂತ್ರಾಂಶದ ಹೊಸ ಆವೃತ್ತಿ ಬಂದಾಗ ಅವು ಜೊತೆಗೆ ಬರುತ್ತವೆಂಬ ಖಾತರಿ ಇಲ್ಲ. ಹಾಜರಾತಿಯದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ನಾವು ತೆಗೆದುಹಾಕಿದ್ದೇವೆ. ವಿಡಿಯೊಗಳನ್ನು ಮೂಡಲ್‌ನಲ್ಲಿ ಇಡುವುದೂ ತರವಲ್ಲ, ಸರ್ವರ್ ತುಂಬಿಹೋಗುತ್ತದೆ. ಬೇರೆಡೆ ಇಟ್ಟು ಕೊಂಡಿ ಕೊಡುವುದೇ ಸರಿ.

ನಮ್ಮದೇ ಆವರಣದಲ್ಲಿ ಪದವಿಪೂರ್ವ ಕಾಲೇಜೂ ಇದೆ. ಅವರೂ ಸೇರಿಕೊಳ್ಳುತ್ತೇವೆ ಎಂದಾಗ ಸದ್ಯಕ್ಕೆ ಬೇಡ ಎಂದೆವು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರು ಮಕ್ಕಳು, ಅವರ ಮಾಹಿತಿಯ ಬಳಕೆಗೆ ಪೋಷಕರ ಒಪ್ಪಿಗೆ ಬೇಕೆಂಬುದು ಅದರ ಮೂಲ ನಿಲುವು. ಶಿಕ್ಷಣ ಸಂಸ್ಥೆಗಳಿಗೆ ಎಷ್ಟರಮಟ್ಟಿಗೆ ವಿನಾಯಿತಿ ಅನ್ವಯಿಸುತ್ತದೆ ಎಂಬುದನ್ನು ಸಂಸ್ಥೆಯ ವಕೀಲರು ಬರೆದುಕೊಟ್ಟ ಮೇಲೆ ಅವರನ್ನು ಸೇರಿಸುವುದೆಂದು ತೀರ್ಮಾನವಾಗಿದೆ.

ನೂರಿನ್ನೂರು ಮಕ್ಕಳಿರುವ, ಲಿನಕ್ಸ್ ಬಲ್ಲವರಿಲ್ಲದ ಕಾಲೇಜಿನವರು ಕೇಳಿದರೆ ನಾನು ಕ್ಲಾಸ್‌ರೂಮ್ ಸಾಕು ಎನ್ನುತ್ತೇನೆ, ಪ್ರತಿ ಸೆಮಿಸ್ಟರಿನ ಕೊನೆಗೆ ಅಂಕಗಳನ್ನು ಇಳಿಸಿಟ್ಟುಕೊಳ್ಳುವ ಅಭ್ಯಾಸ ಇದ್ದರೆ. ಸಾವಿರ ದಾಟಿದ ಮಕ್ಕಳು, ಸ್ವಂತ ಪ್ರಶ್ನೆಕೋಶ, ನೋಡಿಕೊಳ್ಳುವ ಒಬ್ಬರು, ಈ ಮೂರೂ ಇದ್ದಲ್ಲಿ ಮೂಡಲ್. ಹಾಂ, ಒಬ್ಬರು ಎಂದೆ. ನಮ್ಮ ಸಹಾಯಕರು ಕಳೆದ ತಿಂಗಳು ಮಗಳ ಮದುವೆಗೆಂದು ಹತ್ತು ದಿನ ರಜೆ ಹಾಕಿದಾಗ ಆಡಳಿತ ಖಾತೆಯ ಗುಪ್ತಪದ ಅವರೊಬ್ಬರಿಗೇ ಗೊತ್ತಿದೆ ಎಂಬುದು ನಮಗೆ ಹೊಳೆಯಿತು. ಮುಹೂರ್ತದ ದಿನ ಬೆಳಿಗ್ಗೆಯೇ ಅವರಿಗೆ ಎರಡು ಸಲ ಫೋನ್ ಹೋಗಿದೆ. ಈಗ ವಾಣಿಜ್ಯ ವಿಭಾಗದ ಕಿರಿಯ ಉಪನ್ಯಾಸಕಿಯೊಬ್ಬರು ಅವರ ಬಳಿ ಕೆಲಸ ಕಲಿಯುತ್ತಿದ್ದಾರೆ, ಗುಪ್ತಪದವನ್ನು ಬರೆದ ಚೀಟಿ ಅರಗು ಹಾಕಿದ ಲಕೋಟೆಯಲ್ಲಿ ಕಚೇರಿಯ ಬೀರುವಿನಲ್ಲಿದೆ, ಆ ಹಳೆಯ ಇಆರ್‌ಪಿ ಕಡತಗಳ ಮೇಲೆಯೇ.